ಮಾಜಿ ಸೈನಿಕರ ಮೇಲೆ ಕೇಸು ಬಿದ್ದಾಗ: ಯಾವ ದಾರಿ ಯಾರಿಗೆ ಹೊಂದುತ್ತದೆ?

ಹೋದ ತಿಂಗಳು ಮೂರು ಮನೆಯವರು ನನ್ನನ್ನು ಹುಡುಕಿಕೊಂಡು ಬಂದರು. ಹೊನ್ನಾಳಿ ಕಡೆಯ ಒಬ್ಬ ಹೆಣ್ಣುಮಗಳು, 'ನಮ್ಮ ಮನೆಯವರು ಜೈಲಿನಲ್ಲಿದ್ದಾರೆ. ಪುಕ್ಕಟೆ ವಕೀಲರನ್ನು ನಂಬಬಹುದೇ, ಇಲ್ಲ ಬಳೆ ಅಡವಿಟ್ಟು ದೊಡ್ಡ ವಕೀಲರನ್ನೇ ಹಿಡಿಯಲೇ?' ಎಂದು ಕೇಳಿದರು. ಹಿರಿಯೂರಿನ ಹುಡುಗನೊಬ್ಬನದು ಬೇರೆ ಚಿಂತೆ: ಅಪ್ಪಾಜಿಯನ್ನು ಕುಡಿತ ಬಿಡಿಸುವ ಶಿಬಿರಕ್ಕೆ ಕಳಿಸುವುದೋ, ಆಸ್ಪತ್ರೆಗೋ, ಖಾಸಗಿ ಕೇಂದ್ರಕ್ಕೋ. ಮೂರನೆಯವರು ಜಗಳೂರು ತಾಲ್ಲೂಕಿನವರು, ಸೇನೆಯಲ್ಲಿ ನಾಯಕ್ ದರ್ಜೆಯಲ್ಲಿದ್ದವರು. ಬ್ಯಾಂಕೊಂದರ ಗನ್‌ಮ್ಯಾನ್. ಅವರಿಗೆ ಯಾವ ಗೊಂದಲವೂ ಇರಲಿಲ್ಲ. 'ತಪ್ಪಾಯಿತು ಎಂದು ಒಪ್ಪಿಕೊಂಡು ದಂಡ ಕಟ್ಟಿ ಬಂದುಬಿಡುತ್ತೇನೆ ಸಾಹೇಬರೇ. ಒಂದೇ ದಿನದಲ್ಲಿ ಮುಗಿಯುತ್ತದಂತೆ' ಎಂದರು.

ಮೂವರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಈ ಮೂರನೆಯವರು.

ನಾನು ಸೇನೆಯಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತಿಯ ನಂತರ ದಾವಣಗೆರೆಯಲ್ಲಿ ನಮ್ಮವರ ಪಿಂಚಣಿ ಕಾಗದಗಳನ್ನು ಸರಿಪಡಿಸಿಕೊಡುತ್ತಾ ಕುಳಿತಿದ್ದೇನೆ. ವಕೀಲನಲ್ಲ. ಆದರೆ ಕಾಗದಪತ್ರದ ಜೊತೆಗೆ ಕೇಸುಗಳೂ ನನ್ನ ಮೇಜಿಗೆ ಬರುತ್ತವೆ. ಸೇನೆಯ ಆರ್ಡರ್ಲಿ ರೂಮ್ ನೋಡಿದವರಿಗೆ ಆ ನಾಯಕ್ ಸಾಹೇಬರ ಮಾತು ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಅಲ್ಲಿ ಟೋಪಿ, ಬೆಲ್ಟು ತೆಗೆಸಿ ಮಾರ್ಚ್ ಮಾಡಿಸಿ ಸಿಒ (ಕಮಾಂಡಿಂಗ್ ಅಧಿಕಾರಿ) ಸಾಹೇಬರ ಎದುರು ನಿಲ್ಲಿಸುತ್ತಾರೆ. 'ಹೌದು ಸಾಹೇಬ್, ತಪ್ಪಾಯಿತು' ಎಂದರೆ ಶಿಕ್ಷೆ ಆಗುತ್ತದೆ, ಸಂಜೆಗೆ ಎಲ್ಲರೂ ಮರೆಯುತ್ತಾರೆ. ನೆಪ ಹೇಳುವವನನ್ನು ಕಂಡರೆ ಯಾರಿಗೂ ಆಗದು. ಹದಿನೇಳು ವರ್ಷ ಹೀಗೆ ಪಳಗಿದ ಮನುಷ್ಯ ಮ್ಯಾಜಿಸ್ಟ್ರೇಟರ ಮುಂದೆಯೂ ಪ್ಯಾಂಟಿನ ಹೊಲಿಗೆಗೆ ಹೆಬ್ಬೆರಳು ತಾಗಿಸಿ ನೆಟ್ಟಗೆ ನಿಂತು 'ಒಪ್ಪುತ್ತೇನೆ' ಎನ್ನುತ್ತಾನೆ. ಆದರೆ ಇಲ್ಲಿ ಸಂಜೆಗೆ ಯಾರೂ ಮರೆಯುವುದಿಲ್ಲ.

ಅಮೆರಿಕದ ಬಫಲೋ ನಗರದಲ್ಲಿ 2008ರಲ್ಲಿ ಮಾಜಿ ಸೈನಿಕರಿಗೆಂದೇ ಒಂದು ನ್ಯಾಯಾಲಯ ಆರಂಭವಾಯಿತು. ಚಿಕಿತ್ಸೆ, ನ್ಯಾಯಾಧೀಶರ ನಿಗಾ, ಜೊತೆಗೆ ನಿಲ್ಲಲು ಇನ್ನೊಬ್ಬ ಮಾಜಿ ಸೈನಿಕ, ಇಷ್ಟೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ನಮ್ಮಲ್ಲಿ ಅಂಥದ್ದಿಲ್ಲ. ನಿವೃತ್ತರಾದ ಮೇಲೆ ಊರಿನಲ್ಲಿ ಮಾಡಿಕೊಂಡ ಜಗಳಕ್ಕೆ ಸೇನಾ ಕಾನೂನೂ ಅನ್ವಯಿಸುವುದಿಲ್ಲ, ಎಲ್ಲರಂತೆ ಊರಿನ ನ್ಯಾಯಾಲಯವೇ ಗತಿ. 'ಸೇನಾ ನ್ಯಾಯಮಂಡಳಿಗೆ ಹೋಗೋಣ' ಎನ್ನುವವರೂ ಇದ್ದಾರೆ. ಅದು ಸೇವೆ, ಪಿಂಚಣಿ, ಕೋರ್ಟ್ ಮಾರ್ಷಲ್ ಮೇಲ್ಮನವಿಗಳಿಗೆ. ಕರ್ನಾಟಕದವರಿಗೆ ಅದರ ಪೀಠ ಇರುವುದು ಕೊಚ್ಚಿಯಲ್ಲಿ. ಬದುವಿನ ಜಗಳ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಕಾನೂನಿನ ನೆರವು ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ, ಉದ್ಯೋಗ ಮತ್ತೊಂದು ಕಡೆ ಎಂದು ನಾವೇ ಹೆಕ್ಕಿ ಜೋಡಿಸಿಕೊಳ್ಳಬೇಕು.

ಮೊದಲು ಅಳತೆಗೋಲು

ಆಯ್ಕೆಗಳನ್ನು ತೂಗುವ ಮುನ್ನ ಯಾವ ತಕ್ಕಡಿಯಲ್ಲಿ ತೂಗುತ್ತೇವೆ ಎಂಬುದು ಗೊತ್ತಿರಬೇಕು. 'ಎಷ್ಟು ಬೇಗ ಮುಗಿಯುತ್ತದೆ, ಎಷ್ಟು ಖರ್ಚಾಗುತ್ತದೆ' ಎಂಬ ಎರಡನ್ನೇ ಬಹಳ ಮಂದಿ ಕೇಳುತ್ತಾರೆ. ನಾನು ಅವೆರಡನ್ನೂ ಕೊನೆಗೆ ಇಡುತ್ತೇನೆ.

ಮೊದಲು ನೋಡಬೇಕಾದದ್ದು, ಕೇಸು ಮುಗಿದಾಗ ದಾಖಲೆಯಲ್ಲಿ 'ಶಿಕ್ಷೆಯಾಗಿದೆ' ಎಂಬ ಮಾತು ಉಳಿಯುತ್ತದೆಯೇ ಎಂಬುದು. ನಮ್ಮ ಭಾಗದಲ್ಲಿ ಪಿಂಚಣಿಗೆ ಬಂದ ಸೈನಿಕರಿಗೆ ಸುಲಭವಾಗಿ ಸಿಗುವ ಎರಡನೆಯ ದುಡಿಮೆ ಸೆಕ್ಯುರಿಟಿ ಕೆಲಸ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆ ಪ್ರಕಾರ ನ್ಯಾಯಾಲಯದಲ್ಲಿ ಶಿಕ್ಷೆಯಾದವರನ್ನು ಗಾರ್ಡ್ ಅಥವಾ ಸೂಪರ್‌ವೈಸರ್ ಆಗಿ ಇಟ್ಟುಕೊಳ್ಳುವಂತಿಲ್ಲ. ದುರ್ನಡತೆಗಾಗಿ ಸೇನೆಯಿಂದ ವಜಾ ಆದವರಿಗೂ ಅದೇ ತಡೆ. ಗನ್ ಲೈಸೆನ್ಸ್ ಇದ್ದರೆ ಇನ್ನೊಂದು ಕೊಂಡಿ ಇದೆ: ಹಿಂಸೆಯ ಅಪರಾಧಕ್ಕೆ ಸೆರೆವಾಸದ ಶಿಕ್ಷೆಯಾದರೆ, ಆ ಶಿಕ್ಷೆ ಮುಗಿದ ಮೇಲೂ ಐದು ವರ್ಷ ಬಂದೂಕು ಇಟ್ಟುಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆ ಬಿಡುವುದಿಲ್ಲ. ಹಳ್ಳಿಯಲ್ಲಿ '107 ಹಾಕಿದ್ದಾರೆ' ಎನ್ನುತ್ತಾರಲ್ಲ, ತಹಶೀಲ್ದಾರರ ಮುಂದೆ ಬರೆದುಕೊಡುವ ಶಾಂತಿಪಾಲನೆಯ ಮುಚ್ಚಳಿಕೆ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126ನೇ ಕಲಂ, ಅದರ ಅವಧಿಯಲ್ಲೂ ಈ ತಡೆ ಇರುತ್ತದೆ.

ಎರಡನೆಯದು ಮನೆಯವರ ಸುರಕ್ಷತೆ. ದೂರು ಕೊಟ್ಟವರು ಹೆಂಡತಿಯೇ ಆಗಿದ್ದರೆ ಇದೇ ಮೊದಲನೆಯದು. ಮೂರನೆಯದು ಪಿಂಚಣಿ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದರೆ ಪಿಂಚಣಿಯನ್ನು ತಡೆಹಿಡಿಯುವ ಅಧಿಕಾರ ಸರ್ಕಾರಕ್ಕಿದೆ. ಕೇಸು ಬಿದ್ದ ಮಾತ್ರಕ್ಕೆ ಪಿಂಚಣಿ ಹೋಗುವುದಿಲ್ಲ, ಆ ಗಾಳಿಮಾತನ್ನು ನಂಬಬೇಡಿ. ನಾನು ಕಂಡಂತೆ ಪಿಂಚಣಿ ನಿಲ್ಲುವುದು ತೀರಾ ಸಣ್ಣ ಕಾರಣಕ್ಕೆ. ಮನುಷ್ಯ ಒಳಗಿರುತ್ತಾನೆ, ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ದಿನ ದಾಟಿಹೋಗುತ್ತದೆ. ನಾಲ್ಕನೆಯದು, ಮತ್ತೆ ಅದೇ ಗುಂಡಿಗೆ ಬೀಳದಂತೆ ಏನಾದರೂ ಆಗುತ್ತದೆಯೇ ಎಂಬುದು. ದುಡ್ಡು, ಓಡಾಟ, ಸಮಯದ ಲೆಕ್ಕ ಇಷ್ಟೆಲ್ಲ ಆದ ಮೇಲೆ.

ವಕೀಲರು: ಉಚಿತವೋ, ಸ್ವಂತವೋ

ಮೊದಲು ಒಂದು ಹೆಸರಿನ ಗೊಂದಲ ಬಿಡಿಸುತ್ತೇನೆ. ಪುಕ್ಕಟೆ ವಕೀಲರನ್ನು ನಮ್ಮವರು 'ಸರ್ಕಾರಿ ವಕೀಲರು' ಎನ್ನುತ್ತಾರೆ. ಸರ್ಕಾರಿ ವಕೀಲರೆಂದರೆ ನಿಮ್ಮ ವಿರುದ್ಧ ವಾದಿಸುವವರು! ನಿಮಗೆ ಬೇಕಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು. ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಹೊನ್ನಾಳಿಯ ತಾಯಿಗೆ ನಾನು ಹೇಳಿದ್ದು ಇದನ್ನೇ: ಬಳೆ ಕೈಯಲ್ಲೇ ಇರಲಿ, ಮೊದಲು ಜಾಮೀನು ಆಗಲಿ. 2022ರಿಂದ ಈಚೆಗೆ ಕ್ರಿಮಿನಲ್ ಕೇಸುಗಳಿಗೆಂದೇ ಪೂರ್ಣಾವಧಿ ರಕ್ಷಣಾ ವಕೀಲರನ್ನು ನೇಮಿಸುವ ವ್ಯವಸ್ಥೆ ಬಂದಿದೆ. ಅವರು ಬೇರೆ ಖಾಸಗಿ ಕೇಸುಗಳ ಹಿಂದೆ ಓಡುವುದಿಲ್ಲ, ದಿನವೂ ಅದೇ ನ್ಯಾಯಾಲಯಗಳಲ್ಲಿ ಇರುತ್ತಾರೆ. ಮೊದಲ ಅಪರಾಧದ ವಿಚಾರಣಾ ಕೈದಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು ಎಂದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹೇಳುತ್ತದೆ. ಅಂಥ ಲೆಕ್ಕ ಇಡುವುದು ಇವರಿಗೆ ನಿತ್ಯದ ಕೆಲಸ. ಮೈಮೇಲೆ ಬೇರೆ ಕೇಸುಗಳೂ ಇದ್ದರೆ ಆ ಅನುಕೂಲ ಸಿಗುವುದಿಲ್ಲ.

ಕೊರತೆ ಏನೆಂದರೆ, ಇವರ ಮೇಜಿನ ಮೇಲೆ ಫೈಲು ಬಹಳ. ನಿಮ್ಮ ಮನೆಯವರು ಯಾವ ಗಡಿಯಲ್ಲಿದ್ದರು, ಯಾವಾಗಿನಿಂದ ನಿದ್ದೆಯಿಲ್ಲ ಎಂಬುದನ್ನೆಲ್ಲ ಅವರು ಕೇಳಲಿಲ್ಲವೆಂದು ಬೇಸರಿಸಬೇಡಿ. ನೀವೇ ಒಂದು ಹಾಳೆಯಲ್ಲಿ ಬರೆದು ಕೊಡಿ. ಇನ್ನೊಂದು ಮಾತು: ಜಾಮೀನಿನ ಮೇಲೆ ಹೊರಬಂದ ಮೇಲೆ ಆದಾಯದ ಮಿತಿ ಅಡ್ಡ ಬರಬಹುದು. ಪಿಂಚಣಿಗೆ ಗಾರ್ಡ್ ಸಂಬಳ ಸೇರಿದರೆ ಆ ಮಿತಿ ದಾಟುವುದು ಕಷ್ಟವಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಮತ್ತು ಎಲ್ಲ ಮಹಿಳೆಯರಿಗೆ ಮಿತಿಯಿಲ್ಲ. ಹೆಂಡತಿ ದೂರುದಾರಳಾಗಿದ್ದರೆ ಅವಳಿಗೂ ಬೇರೆಯೇ ಒಬ್ಬ ವಕೀಲರು ಉಚಿತವಾಗಿ ಸಿಗುತ್ತಾರೆ.

2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ದಿನವೇ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 'ವೀರ್ ಪರಿವಾರ್ ಸಹಾಯತಾ ಯೋಜನೆ' ಆರಂಭಿಸಿತು. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರ ತೆರೆಯುವುದು ಅದರ ತಿರುಳು. ಸಲಹೆಗೆ ಇದು ಒಳ್ಳೆಯ ಬಾಗಿಲು. ನಿಮ್ಮ ಡಿಸ್ಚಾರ್ಜ್ ಬುಕ್ ನೋಂದಣಿಯಾಗಿರುವ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ರಾತ್ರಿ ಹತ್ತಕ್ಕೆ ಠಾಣೆಯಿಂದ ಕರೆ ಬಂದಾಗ ಮಾತ್ರ ಅದು ಒದಗುವುದಿಲ್ಲ, ಆಗ 15100 ಸರಿ.

ಸ್ವಂತ ವಕೀಲರು ಯಾವಾಗ? ನನ್ನ ಲೆಕ್ಕದಲ್ಲಿ ಎರಡು ಸಂದರ್ಭಗಳಲ್ಲಿ. ಕೇಸು ಪೂರ್ತಿ ಸುಳ್ಳಾಗಿದ್ದು, ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಪಾಟೀಸವಾಲಿಗೆ ಒಳಪಡಿಸಿ ವರ್ಷಗಟ್ಟಲೆ ಹೋರಾಡಬೇಕಾದಾಗ. ಅಥವಾ ಕೇಸನ್ನು ರದ್ದುಪಡಿಸಲು ಹೈಕೋರ್ಟಿಗೆ ಹೋಗಬೇಕಾದಾಗ. ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಹೈಕೋರ್ಟ್ ಎಂದರೆ ಬೆಂಗಳೂರೇ. ಧಾರವಾಡ ಪೀಠ ಹತ್ತಿರವಿದ್ದರೂ ನಮ್ಮದಲ್ಲ. ಶುಲ್ಕವನ್ನು ವಾಯಿದೆಗಿಷ್ಟು ಎಂದು ಒಪ್ಪಿಕೊಳ್ಳುವ ಬದಲು ಇಡೀ ಕೇಸಿಗೆ ಇಷ್ಟು, ಮೂರು ಕಂತು ಎಂದು ಮಾತಾಡಿಕೊಳ್ಳಿ. ಸಾಲ ಮಾಡಿ ವಕೀಲರನ್ನು ಬದಲಾಯಿಸುತ್ತಾ ಹೋದ ಒಂದು ಮನೆಯನ್ನು ನಾನು ನೋಡಿದ್ದೇನೆ. ಕೇಸು ಗೆಲ್ಲುವ ಹೊತ್ತಿಗೆ ಎರಡು ಎಕರೆ ಅಡಿಕೆ ತೋಟ ಹೋಗಿತ್ತು.

ಕೇಸು ಮುಗಿಸುವ ದಾರಿಗಳು

ಇಲ್ಲಿ ನಿಧಾನವಾಗಿ ಓದಿ. ಜಗಳೂರಿನ ನಾಯಕ್ ಸಾಹೇಬರ ಕೇಸನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ತಮ್ಮನ ಜೊತೆ ಬದುವಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದಿದೆ, ಇವರು ಕುಡಿದಿದ್ದರು, ಕೈ ಬೀಸಿದರು. ತಮ್ಮನ ಮುಂದಿನ ಹಲ್ಲು ಮುರಿಯಿತು. 'ಒಂದೇ ಏಟು ಸಾಹೇಬರೇ, ಕೈಯಲ್ಲಿ ಕೋಲೂ ಇರಲಿಲ್ಲ' ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆದರೆ ಮೂಳೆಯಾಗಲಿ ಹಲ್ಲಾಗಲಿ ಮುರಿದರೆ ಕಾನೂನಿನ ಕಣ್ಣಿಗೆ ಅದು ತೀವ್ರ ಸ್ವರೂಪದ ಗಾಯ. ಭಾರತೀಯ ನ್ಯಾಯ ಸಂಹಿತೆಯ 117(2), ಏಳು ವರ್ಷದವರೆಗೆ ಸೆರೆವಾಸ. ಜೊತೆಗೆ ಬೈದದ್ದಕ್ಕೆ 352, ಬೆದರಿಕೆಗೆ 351(2). ಹಲ್ಲು ಉಳಿದಿದ್ದರೆ 115(2), ಹೆಚ್ಚೆಂದರೆ ಒಂದು ವರ್ಷ. ಆಸ್ಪತ್ರೆಯ ಗಾಯದ ಪ್ರಮಾಣಪತ್ರದ ಒಂದು ಸಾಲು ಇಡೀ ಕೇಸಿನ ತೂಕವನ್ನು ಬದಲಿಸುತ್ತದೆ. ಆ ಪ್ರತಿಯನ್ನು ಓದದೆ ಯಾವ ದಾರಿಯನ್ನೂ ಆರಿಸಬೇಡಿ.

ಅವರು ಆರಿಸಿದ್ದ ದಾರಿ ನೇರ ತಪ್ಪೊಪ್ಪಿಗೆ. ಖರ್ಚಿಲ್ಲ, ಒಂದೆರಡು ದಿನದ ಓಡಾಟ. ಆದರೆ ದಂಡವಷ್ಟೇ ಬಿದ್ದರೂ ಅದು ಶಿಕ್ಷೆಯೇ. ಅಂದರೆ ಗನ್‌ಮ್ಯಾನ್ ಕೆಲಸಕ್ಕೆ ಕುತ್ತು. ಅದೂ 117ರಂಥ ಕಲಮಿನಲ್ಲಿ ದಂಡದಲ್ಲೇ ಮುಗಿಯುತ್ತದೆಂಬ ಭರವಸೆ ಯಾರು ಕೊಟ್ಟರೋ ತಿಳಿಯದು. 'ಒಂದೇ ದಿನದ' ಈ ದಾರಿಗೆ ತಿಂಗಳ ಸಂಬಳವನ್ನು ಅರವತ್ತೈದರ ವಯಸ್ಸಿನವರೆಗೆ ಗುಣಿಸಿ ನೋಡಿ ಎಂದೆ. ಅವರು ಬೆರಳಲ್ಲಿ ಎಣಿಸಿ ಸುಮ್ಮನಾದರು. ಸೆಕ್ಯುರಿಟಿ ಕೆಲಸ ಬೇಡದ, ಹೊಲ ನೋಡಿಕೊಂಡಿರುವ, ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದ ಸಣ್ಣ ಕೇಸಿನವರಿಗೆ ಬೇಕಾದರೆ ಈ ದಾರಿ ನಡೆದೀತು. ಅಂಥ ಗಲಾಟೆಗೆ 355ನೇ ಕಲಮಿನಲ್ಲಿ ಇಪ್ಪತ್ನಾಲ್ಕು ಗಂಟೆಯ ಸೆರೆ ಅಥವಾ ಸಾವಿರ ರೂಪಾಯಿ ದಂಡ, ಇಲ್ಲವೇ ಸಮುದಾಯ ಸೇವೆ.

ಎರಡನೆಯದು ರಾಜಿ. 115(2), 352, 351(2)ರಂಥವು ರಾಜಿಯಾಗುತ್ತವೆ. 117(2) ಕೂಡ ನ್ಯಾಯಾಲಯದ ಅನುಮತಿ ಪಡೆದು ಪೆಟ್ಟು ತಿಂದವರು ಒಪ್ಪಿದರೆ ಆಗುತ್ತದೆ. ರಾಜಿಯಾದರೆ ಅದರ ಪರಿಣಾಮ ಖುಲಾಸೆಗೆ ಸಮ, ಶಿಕ್ಷೆಯ ಮಾತೇ ಬರುವುದಿಲ್ಲ. ಲೋಕ ಅದಾಲತ್‌ನಲ್ಲಿ ಇಟ್ಟರೆ ಬೇಗ, ಖರ್ಚೂ ಇಲ್ಲ. ಮಚ್ಚು, ಕುಡುಗೋಲು, ಕಲ್ಲು ಕೈಯಲ್ಲಿದ್ದು 118 ಬಿದ್ದಿದ್ದರೆ ಅದು ರಾಜಿಯ ಪಟ್ಟಿಯಲ್ಲಿಲ್ಲ. ಬಿಡಿಸಲು ಬಂದ ಪೊಲೀಸರ ಮೇಲೆ ಕೈ ಮಾಡಿದ 132 ಕೂಡ ಹಾಗೆಯೇ. ಹೆಂಡತಿ ಕೊಟ್ಟ ಕಿರುಕುಳದ ಕೇಸು, 85, ಅದೂ ಇಲ್ಲ. ಅಂಥವನ್ನು ಎರಡೂ ಕಡೆಯವರು ನಿಜವಾಗಿ ಒಪ್ಪಿದ್ದರೆ ಹೈಕೋರ್ಟ್ ರದ್ದುಪಡಿಸಬಹುದು. 2012ರ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿ ಹಾಕಿಕೊಟ್ಟಿದೆ. ಖರ್ಚು ಮಾತ್ರ ಬೆಂಗಳೂರಿನದು.

ರಾಜಿಯ ಬೆಲೆ ಹಣವಲ್ಲ, ಮುಖ. ತಮ್ಮನ ಮುಂದೆ ಹೋಗಿ ನಿಲ್ಲಬೇಕು. ಶೆಲ್ ಬೀಳುವ ಕಡೆ ಹೆದರದ ಮನುಷ್ಯ ತಮ್ಮನ ಅಂಗಳಕ್ಕೆ ಕಾಲಿಡುವ ಮನಸ್ಸು ಮಾಡಲು ಆರು ವಾರ ತೆಗೆದುಕೊಂಡರು.

ಮೂರನೆಯದು ಪ್ಲೀ ಬಾರ್ಗೇನಿಂಗ್. ತಪ್ಪು ಒಪ್ಪಿಕೊಂಡು, ಗಾಯಗೊಂಡವರಿಗೆ ಪರಿಹಾರ ಕೊಟ್ಟು, ಕಡಿಮೆ ಶಿಕ್ಷೆ ಪಡೆಯುವ ವಿಧಾನ. ಏಳು ವರ್ಷ ಮೀರದ ಅಪರಾಧಗಳಿಗೆ ಮಾತ್ರ. ಹೆಂಗಸರ ಮೇಲಿನ ಅಪರಾಧಗಳಿಗೆ ಇಲ್ಲ. ಆರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು, ಆ ದಿನ ಕಳೆದರೆ ಬಾಗಿಲು ಮುಚ್ಚಿತು. ಇದೂ ಕೊನೆಗೆ ಶಿಕ್ಷೆಯೇ, ಮೇಲ್ಮನವಿಯೂ ಇಲ್ಲ. ಆದರೆ ಇದರೊಳಗೆ ಒಂದು ಕಿಟಕಿ ಇದೆ: ತೀರ್ಪು ಕೊಡುವಾಗ ಜೈಲಿನ ಬದಲು ಪ್ರೊಬೇಷನ್ ಮೇಲೆ ಬಿಡಲು ನ್ಯಾಯಾಲಯಕ್ಕೆ ಅವಕಾಶವಿದೆ. ಕೇಳಿದರೆ ಸಿಗಬಹುದು, ಕೇಳುವವರೇ ಕಡಿಮೆ.

ಆ ಪ್ರೊಬೇಷನ್ನೇ ನಾಲ್ಕನೆಯ ದಾರಿ. ನಮ್ಮವರಿಗೆ ಅತ್ಯಂತ ಉಪಯುಕ್ತವಾದದ್ದೂ ಅತ್ಯಂತ ಕಡಿಮೆ ಗೊತ್ತಿರುವುದೂ ಇದೇ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿಯ ಅಪರಾಧವಲ್ಲದಿದ್ದರೆ, ತಪ್ಪು ಸಾಬೀತಾದ ಮೇಲೂ ಜೈಲಿಗೆ ಕಳಿಸದೆ, ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. ಪ್ರೊಬೇಷನ್ ಅಧಿಕಾರಿ ಮನೆಗೆ ಬಂದು, ನೆರೆಹೊರೆ ವಿಚಾರಿಸಿ ವರದಿ ಕೊಡುತ್ತಾರೆ. ಕುಡಿತದ ಚಿಕಿತ್ಸೆಯ ಚೀಟಿಗಳು ಇಲ್ಲಿ ಚಿನ್ನದಷ್ಟು ತೂಗುತ್ತವೆ. ಅದೇ ಕಾಯ್ದೆಯ 12ನೇ ಕಲಮಿನಂತೆ, ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಹಾಗೆಂದು ತಪ್ಪು ಮಾಡಿದ್ದಾನೆಂಬ ತೀರ್ಪು ಅಳಿಸಿಹೋಗುವುದಿಲ್ಲ. ಏಜೆನ್ಸಿಯವರು 'ಆದರೂ ಬೇಡ' ಎನ್ನಬಹುದು. ಆದರೆ ಕಾನೂನೇ ಅಡ್ಡ ನಿಲ್ಲುವುದಕ್ಕೂ, ಒಬ್ಬ ಮ್ಯಾನೇಜರ್ ಅಡ್ಡ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಮ್ಯಾನೇಜರ್ ಇನ್ನೊಬ್ಬ ಸಿಕ್ಕಾನು.

ಐದನೆಯದು ಕೊನೆಯವರೆಗೆ ಹೋರಾಡುವುದು. ತಪ್ಪೇ ಮಾಡಿಲ್ಲವೆಂದರೆ ಬೇರೆ ಮಾತಿಲ್ಲ, ಹೋರಾಡಿ.

ಹೆಂಡತಿಯೇ ದೂರುದಾರಳಾಗಿದ್ದಾಗ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ಮೇಲಿನ ಲೆಕ್ಕವೆಲ್ಲ ತಲೆಕೆಳಗು. 'ಅವನು ದೇಶ ಕಾಯ್ದವನು, ಕೇಸು ವಾಪಸ್ ತಗೋ' ಎಂದು ಹಿರಿಯರು ಪಂಚಾಯಿತಿ ಸೇರಿಸುವುದನ್ನು ನಾನು ನೋಡಿದ್ದೇನೆ. ಹೀಗೆ ಒತ್ತಾಯದಿಂದ ಆದ ರಾಜಿ ಮುಂದಿನ ಸಂಬಳದ ದಿನದವರೆಗೆ ಉಳಿದರೆ ಹೆಚ್ಚು. ಅವಳಿಗೆ 181 ಸಹಾಯವಾಣಿ ಇದೆ, ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರವಿದೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾ ಆದೇಶ ಪಡೆಯುವ ಹಕ್ಕಿದೆ. ಗಂಡನನ್ನು ಜೈಲಿಗೆ ಕಳಿಸದೆಯೂ ಆ ಆದೇಶ ಪಡೆಯಬಹುದು. ಬಹಳ ಹೆಣ್ಣುಮಕ್ಕಳಿಗೆ ಬೇಕಾಗಿರುವುದೂ ಅದೇ: ಹೊಡೆತ ನಿಲ್ಲಬೇಕು, ಪಿಂಚಣಿ ನಿಲ್ಲಬಾರದು. ಆಯ್ಕೆ ಅವಳದು. ಗಂಡನ ಕಡೆಯವರಾಗಿ ನೀವು ಮಾಡಬಹುದಾದ ಕೆಲಸ ಒಂದೇ, ಅವನನ್ನು ಚಿಕಿತ್ಸೆಗೆ ಸೇರಿಸಿ ಕೆಲವು ತಿಂಗಳು ಬೇರೆ ಮನೆಯಲ್ಲಿ ಇರಿಸುವುದು.

ಕುಡಿತ ಬಿಡಿಸುವುದು ಎಲ್ಲಿ

ಆಯ್ಕೆಗಿಂತ ಮೊದಲು ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೈ ನಡುಕ, ಬೆವರು, ಇಲ್ಲದ ಹುಳಹುಪ್ಪಟೆ ಕಾಣುವುದು, ಇರುವ ಜಾಗವೇ ತಿಳಿಯದಂತಾಗುವುದು. ಇದು ಪ್ರಾಣಕ್ಕೇ ಕುತ್ತು. ಬಂಧನವಾದ ಮೊದಲ ಮೂರು ದಿನ ಎಂದರೆ ಇದೇ ಹೊತ್ತು. ಹಿರಿಯೂರಿನ ಹುಡುಗನ ಅಪ್ಪಾಜಿ ಹಿಂದೊಮ್ಮೆ ಹೀಗೆಯೇ ರಾತ್ರಿಯೆಲ್ಲ ಗೋಡೆಗೆ ಸೆಲ್ಯೂಟ್ ಹೊಡೆಯುತ್ತಾ ನಿಂತಿದ್ದರಂತೆ. ಮನೆಯವರು ದೆವ್ವ ಎಂದುಕೊಂಡಿದ್ದರು. ಅಂಥವರು ಒಳಗೆ ಹೋದರೆ 'ಇವರು ದಿನವೂ ಇಷ್ಟು ಕುಡಿಯುತ್ತಿದ್ದರು, ಹಿಂದೆ ಫಿಟ್ಸ್ ಬಂದಿದೆ' ಎಂದು ಬರೆದು ಜೈಲಿನ ವೈದ್ಯರಿಗೂ ವಕೀಲರಿಗೂ ಕೊಡಿ. ನಾಚಿಕೆಪಟ್ಟು ಮುಚ್ಚಿಡಬೇಡಿ.

ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗವೇ ನನ್ನ ಮೊದಲ ಆಯ್ಕೆ. ದಾವಣಗೆರೆಯವರಿಗೆ ಚಿಗಟೇರಿ ಆಸ್ಪತ್ರೆ, ದುರ್ಗದವರಿಗೆ ಜಿಲ್ಲಾ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗಳನ್ನೂ ವಿಚಾರಿಸಿ. ಖರ್ಚು ಅತ್ಯಲ್ಪ, ಮನೆಗೆ ಹತ್ತಿರ, ಮುಖ್ಯವಾಗಿ ಸರ್ಕಾರಿ ವೈದ್ಯರ ಚೀಟಿಗೆ ನ್ಯಾಯಾಲಯದಲ್ಲಿ ಬೆಲೆ ಇದೆ. ಸಾಲಿನಲ್ಲಿ ನಿಲ್ಲಬೇಕು, ತಿಂಗಳುಗಟ್ಟಲೆ ಒಳರೋಗಿಯಾಗಿ ಇಟ್ಟುಕೊಳ್ಳುವುದಿಲ್ಲ, ಅಷ್ಟೇ.

ಇಲ್ಲಿ ಹಿಡಿತಕ್ಕೆ ಬಾರದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ದಾವಣಗೆರೆಯಿಂದ ಧಾರವಾಡ ಹತ್ತಿರ, ಚಿತ್ರದುರ್ಗದಿಂದ ಬೆಂಗಳೂರು ಸಲೀಸು. ಕುಡಿತದ ಹಿಂದೆ ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಗುಂಪು ಕಂಡರೆ ರೇಗುವುದು ಇದ್ದರೆ ಇಲ್ಲಿಗೇ ಬರುವುದು ಒಳ್ಳೆಯದು. ಆ ರೋಗಕ್ಕೆ ಸೇವೆಯೇ ಕಾರಣವೆಂದು ದಾಖಲಾದರೆ ಅಂಗವೈಕಲ್ಯ ಪಿಂಚಣಿಯ ಪ್ರಶ್ನೆಯೂ ತೆರೆದುಕೊಳ್ಳುತ್ತದೆ. ಭರ್ತಿಯಾಗುವಾಗ ಆರೋಗ್ಯವಾಗಿದ್ದವನ ಕಾಯಿಲೆ ಸೇವೆಯಲ್ಲಿ ಬಂದದ್ದೆಂದು ಭಾವಿಸಬೇಕು ಎಂಬುದು 2013ರ ಧರಮ್‌ವೀರ್ ಸಿಂಗ್ ತೀರ್ಪಿನ ತಿರುಳು. ಜಾಮೀನಿನಲ್ಲಿ 'ಜಿಲ್ಲೆ ಬಿಟ್ಟು ಹೋಗಬಾರದು' ಎಂಬ ಷರತ್ತು ಇದ್ದರೆ ಹೊರಡುವ ಮೊದಲು ಅನುಮತಿಯ ಅರ್ಜಿ ಹಾಕಿಸಿ.

ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್ ಇದ್ದವರಿಗೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗಳೂ ಉಂಟು. ಆದರೆ ತುರ್ತು ಇಲ್ಲದಿದ್ದರೆ ಮೊದಲು ಆ ಯೋಜನೆಯದೇ ಪಾಲಿಕ್ಲಿನಿಕ್‌ನ ಶಿಫಾರಸು ಬೇಕು. ಅಗ್ನಿವೀರರಾಗಿ ನಾಲ್ಕೇ ವರ್ಷ ಇದ್ದು ಬರುವವರಿಗೆ ಪಿಂಚಣಿಯೂ ಇಲ್ಲ, ಈ ಕಾರ್ಡೂ ಇಲ್ಲ. ಅವರ ಮನೆಯವರು ಸರ್ಕಾರಿ ಆಸ್ಪತ್ರೆಯನ್ನೇ ನೆಚ್ಚಿಕೊಳ್ಳಬೇಕು.

ಧರ್ಮಸ್ಥಳದ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳು ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತು. ಇವುಗಳ ಬಲ ಶಿಬಿರದ ಎಂಟು ದಿನಕ್ಕಿಂತ ಅದರ ನಂತರದ್ದು. ನವಜೀವನ ಸಮಿತಿಯಲ್ಲಿ ಜೊತೆಗೆ ಬಿಟ್ಟವರು ಊರಿನಲ್ಲೇ ಇರುತ್ತಾರೆ, ಬಾರಿನ ಕಡೆ ಹೆಜ್ಜೆ ಹಾಕಿದರೆ ಕೂಗುತ್ತಾರೆ. ಸಾಲು, ಸೀಟಿ, ಬೆಳಗಿನ ಪ್ರಾರ್ಥನೆ ಇರುವ ಕಡೆ ಸೈನಿಕರು ಹೊಂದಿಕೊಳ್ಳುವುದೂ ಬೇಗ. ಆದರೆ ಫಿಟ್ಸ್ ಬಂದ ಇತಿಹಾಸವಿದ್ದವರು ಮೊದಲು ಆಸ್ಪತ್ರೆ, ಆಮೇಲೆ ಶಿಬಿರ. ಹಿರಿಯೂರಿನ ಹುಡುಗನಿಗೆ ಇದೇ ಕ್ರಮ ಹೇಳಿದೆ.

ಖಾಸಗಿ ಕೇಂದ್ರಗಳ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಒಪ್ಪಿಕೊಳ್ಳುತ್ತೇನೆ. ನಮ್ಮ ಬ್ಯಾಚಿನ ಒಬ್ಬರನ್ನು ಒಂದು ಕಡೆ ಸೇರಿಸಿದ್ದೆವು. ಒಂದು ತಿಂಗಳು ಭೇಟಿಗೆ ಬಿಡಲಿಲ್ಲ. ಹೊರಬಂದಾಗ ಅವರ ಬೆನ್ನ ಮೇಲೆ ಬಾಸುಂಡೆಗಳಿದ್ದವು. ಒಳ್ಳೆಯವೂ ಇವೆ. ಸೇರಿಸುವ ಮುನ್ನ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ, ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಮೊದಲ ವಾರದಲ್ಲೇ ಭೇಟಿಗೆ ಬಿಡುತ್ತಾರೆಯೇ ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಬಾರದಿದ್ದರೆ ಗೇಟಿನಿಂದಲೇ ವಾಪಸ್ ಬನ್ನಿ. ಕೇಂದ್ರ ಸರ್ಕಾರದ ಅನುದಾನದ ವ್ಯಸನಮುಕ್ತಿ ಕೇಂದ್ರಗಳು ಉಚಿತ. ಹತ್ತಿರದ್ದು ಯಾವುದೆಂದು 14446ರಲ್ಲಿ ಕೇಳಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕರೆಗೆ ಕೋಣೆಯ ಬಾಗಿಲು ಹಾಕಿಕೊಂಡರೆ ಸಾಕು, ಊರಿಗೆ ಗೊತ್ತಾಗುವುದಿಲ್ಲ.

ಎಲ್ಲಿಗೆ ಸೇರಿಸಿದರೂ ಒಂದು ಕೆಲಸ ಮನೆಯಲ್ಲೇ ಆಗಬೇಕು: ಕ್ಯಾಂಟೀನ್ ಕಾರ್ಡ್. ಸೇನಾ ಕ್ಯಾಂಟೀನಿನಲ್ಲಿ ಮದ್ಯದ ತಿಂಗಳ ಕೋಟಾ ಅಗ್ಗಕ್ಕೆ ಸಿಗುತ್ತದೆಂದು ತಂದು, 'ನೆಂಟರಿಗೆ' ಎಂದು ಅಲಮಾರಿನಲ್ಲಿಟ್ಟರೆ ಯಾವ ನಿಮ್ಹಾನ್ಸ್ ಕೂಡ ಏನೂ ಮಾಡಲಾಗದು.

ಈಗ ನಿಮ್ಮದು ಯಾವುದು

ಮನುಷ್ಯ ಒಳಗಿದ್ದು ಕೈಯಲ್ಲಿ ಕಾಸಿಲ್ಲವೆಂದರೆ ಇವತ್ತೇ ಕಾನೂನು ಸೇವಾ ಪ್ರಾಧಿಕಾರ. ಜಾಮೀನುದಾರರಿಗಾಗಿ ಪಹಣಿ ಇರುವ ಇಬ್ಬರನ್ನು ಹುಡುಕಿಡಿ, ಜೈಲಿನ ವೈದ್ಯರಿಗೆ ಚೀಟಿ ಕೊಡಿ, ಜೀವಿತ ಪ್ರಮಾಣಪತ್ರದ ದಿನ ನೋಡಿಕೊಳ್ಳಿ. ಸಣ್ಣ ಹೊಡೆದಾಟ, ಸೆಕ್ಯುರಿಟಿ ಕೆಲಸ ಉಳಿಯಬೇಕು ಎನ್ನುವವರು ರಾಜಿಗೆ ಪ್ರಯತ್ನಿಸಿ. ಆಗದಿದ್ದರೆ ಪ್ರೊಬೇಷನ್. ತಪ್ಪೊಪ್ಪಿಗೆ ಎಲ್ಲಕ್ಕಿಂತ ಕೊನೆಗೆ. ಆಯುಧ ಹಿಡಿದಿದ್ದು, ಸಾಕ್ಷಿ ಗಟ್ಟಿಯಿದ್ದು, ಕುಡಿತವೇ ಮೂಲವಾಗಿದ್ದರೆ ಇವತ್ತಿನಿಂದಲೇ ಚಿಕಿತ್ಸೆ ಆರಂಭಿಸಿ ಪ್ರತಿ ಚೀಟಿಯನ್ನೂ ತಾರೀಖಿನಂತೆ ಫೈಲು ಮಾಡಿ, ಪ್ರೊಬೇಷನ್ ಕೇಳುವ ದಿನ ಅದೇ ನಿಮ್ಮ ವಾದ. ಕಬ್ಬಿಣದ ಟ್ರಂಕ್ ತೆಗೆದು ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಕೊನೆಯ ಮೆಡಿಕಲ್ ಬೋರ್ಡಿನ ಕಾಗದ, ಎಫ್‌ಐಆರ್, ಗಾಯದ ಪ್ರಮಾಣಪತ್ರ, ಇವಿಷ್ಟರ ಎರಡೆರಡು ಜೆರಾಕ್ಸ್ ಮಾಡಿಸಿ. ಒಂದು ಸೆಟ್ ವಕೀಲರಿಗೆ, ಒಂದು ವೈದ್ಯರಿಗೆ.

ಮತ್ತೆ ಆ ಬಫಲೋ ನ್ಯಾಯಾಲಯದಲ್ಲಿ ಜೊತೆಗೆ ನಿಲ್ಲುವ ಇನ್ನೊಬ್ಬ ಮಾಜಿ ಸೈನಿಕ ಇರುತ್ತಾನೆ ಎಂದೆನಲ್ಲ, ಅದಕ್ಕೆ ನಮಗೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಜಗಳೂರಿನ ನಾಯಕ್ ಸಾಹೇಬರು ಈಗ ಆಸ್ಪತ್ರೆಗೆ ತಪ್ಪದೆ ಹೋಗುತ್ತಿದ್ದಾರೆ, ನಾಲ್ಕು ಚೀಟಿಗಳಾಗಿವೆ. ವಕೀಲರು ವಾಯಿದೆ ತೆಗೆದುಕೊಂಡಿದ್ದಾರೆ. ತಮ್ಮ ಇನ್ನೂ ರಾಜಿಗೆ ಸಹಿ ಹಾಕಿಲ್ಲ. 'ಹಲ್ಲು ಕಟ್ಟಿಸಿದ ಬಿಲ್ಲು ಕೊಡಲಿ, ಅಣ್ಣನೇ ಬಂದು ಕೊಡಲಿ' ಎಂದಿದ್ದಾನೆ. ಶುಕ್ರವಾರ ಬೆಳಗ್ಗೆ ಏಳರ ಜಗಳೂರು ಬಸ್ಸಿಗೆ ಇಬ್ಬರೂ ಹೊರಡುತ್ತಿದ್ದೇವೆ.